ಅಂಕಿತ ಯಾರದು, ತಡ ಯಾರದು?

ಕರ್ನಾಟಕ ಸರ್ಕಾರದ ಯಾವುದಾದರೂ ಒಂದು ಆದೇಶದ ಪ್ರತಿ ಕೈಗೆ ಸಿಕ್ಕಿದರೆ ಕೊನೆಯ ಪುಟ ತೆರೆದು ನೋಡಿ. ನೌಕರರ ವರ್ಗಾವಣೆಯೋ, ರಸ್ತೆ ಕಾಮಗಾರಿಗೆ ಹಣ ಬಿಡುಗಡೆಯೋ, ವಿಷಯ ಏನೇ ಇರಲಿ, ಬುಡದಲ್ಲಿ ಒಂದು ಸಾಲು ಇರುತ್ತದೆ: ‘ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’. ಅದರ ಕೆಳಗಿನ ಸಹಿ ಮಾತ್ರ ಯಾವುದೋ ಇಲಾಖೆಯ ಅಧೀನ ಕಾರ್ಯದರ್ಶಿಯದು. ಅಂಥದೊಂದು ಆದೇಶ ಹೊರಟಿರುವುದು ರಾಜಭವನಕ್ಕೆ ಗೊತ್ತಿರಬೇಕೆಂದೇನೂ ಇಲ್ಲ. ದೆಹಲಿಯಲ್ಲೂ ಇದೇ ಏರ್ಪಾಡು. ಸಂವಿಧಾನದ 77ನೇ ವಿಧಿಯ ಪ್ರಕಾರ ಕೇಂದ್ರ ಸರ್ಕಾರದ ಕಾರ್ಯಾಂಗದ ಕೆಲಸವೆಲ್ಲ ನಡೆಯುವುದು ರಾಷ್ಟ್ರಪತಿಯವರ ಹೆಸರಿನಲ್ಲಿ.

ಮಸೂದೆಗೆ ರಾಷ್ಟ್ರಪತಿ ಒಪ್ಪಿಗೆ ಕೊಟ್ಟರೆ ನಮ್ಮ ಪತ್ರಿಕೆಗಳು ‘ಅಂಕಿತ ಬಿತ್ತು’ ಎಂದು ಬರೆಯುತ್ತವೆ. ಅಂಕಿತಕ್ಕೆ ಕನ್ನಡದಲ್ಲಿ ಇನ್ನೊಂದು ಹಳೆಯ ಬಳಕೆಯಿದೆ. ವಚನದ ಕೊನೆಗೆ ಕೂಡಲಸಂಗಮದೇವ, ಕೀರ್ತನೆಯ ಕೊನೆಗೆ ಪುರಂದರ ವಿಠಲ. ಅಲ್ಲಿ ಮಾತು ಬರೆದವರದು, ಹೆಸರು ದೇವರದು. ರಾಷ್ಟ್ರಪತಿಯವರ ಅಂಕಿತವೂ ಹೆಚ್ಚುಕಡಿಮೆ ಹಾಗೆಯೇ. ಮಾತು ಸಚಿವ ಸಂಪುಟದ್ದು, ಹೆಸರು ರಾಷ್ಟ್ರಪತಿಯವರದು. ವ್ಯತ್ಯಾಸ ಒಂದೇ: ಈ ದೇವರು ಕೈಯಾರೆ ಸಹಿ ಹಾಕಬೇಕು. ಹಾಕುವವರೆಗೆ ಭಕ್ತರನ್ನು ಕಾಯಿಸಬಹುದು.

ಈ ಕಾಯಿಸುವಿಕೆಯೇ 2025ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠದ ಮುಂದೆ ಬಂದು ನಿಂತಿತು. ಅದರ ಕಥೆಗೆ ಬರುವ ಮೊದಲು, ಈ ಪದವಿಯನ್ನು ಕಟ್ಟಿದವರು ಏನನ್ನು ಕೊಟ್ಟು ಏನನ್ನು ಕೊಡಲಿಲ್ಲ ಎಂಬುದನ್ನು ನೋಡಬೇಕು.

ಸಂವಿಧಾನವನ್ನು ಬಿಡಿಬಿಡಿಯಾಗಿ ಓದಿದರೆ ರಾಷ್ಟ್ರಪತಿ ಚಕ್ರವರ್ತಿಯಂತೆ ಕಾಣುತ್ತಾರೆ. ಕಾರ್ಯಾಂಗದ ಅಧಿಕಾರವೆಲ್ಲ ಅವರಲ್ಲಿ ನೆಲೆಸಿದೆ ಎನ್ನುತ್ತದೆ 53ನೇ ವಿಧಿ. ಮೂರೂ ಪಡೆಗಳ ಪರಮೋಚ್ಚ ದಂಡನಾಯಕರು ಅವರೇ. ಪ್ರಧಾನಿಯನ್ನು, ನ್ಯಾಯಮೂರ್ತಿಗಳನ್ನು, ರಾಜ್ಯಪಾಲರನ್ನು ನೇಮಿಸುವವರು, ಲೋಕಸಭೆಯನ್ನು ವಿಸರ್ಜಿಸುವವರು, ಗಲ್ಲುಶಿಕ್ಷೆಯನ್ನು ತಪ್ಪಿಸುವವರು ಅವರೇ. ಆಮೇಲೆ 74ನೇ ವಿಧಿ ಬರುತ್ತದೆ. ಪ್ರಧಾನಿಯ ನೇತೃತ್ವದ ಮಂತ್ರಿಮಂಡಲದ ನೆರವು ಮತ್ತು ಸಲಹೆಯಂತೆ ನಡೆಯಬೇಕು ಎನ್ನುವ ಆ ಒಂದೇ ವಿಧಿ ಉಳಿದದ್ದನ್ನೆಲ್ಲ ಒಂದು ಗಂಟಿನಲ್ಲಿ ಕಟ್ಟಿಹಾಕುತ್ತದೆ. 1948ರ ನವೆಂಬರ್ 4ರಂದು ಕರಡನ್ನು ಸಂವಿಧಾನ ರಚನಾ ಸಭೆಯ ಮುಂದಿಡುವಾಗ ಅಂಬೇಡ್ಕರ್ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದರು: ಬ್ರಿಟನ್ನಿನಲ್ಲಿ ದೊರೆಗೆ ಇರುವ ಸ್ಥಾನವೇ ಇಲ್ಲಿ ರಾಷ್ಟ್ರಪತಿಗೆ, ಅವರು ರಾಷ್ಟ್ರವನ್ನು ಪ್ರತಿನಿಧಿಸುತ್ತಾರೆ, ಆಳುವುದಿಲ್ಲ, ರಾಷ್ಟ್ರದ ನಿರ್ಧಾರಗಳನ್ನು ಹೊರಗೆಡಹುವ ಮೊಹರಿನ ಮೇಲಿನ ಲಾಂಛನವಿದ್ದಂತೆ. ಇವತ್ತು ‘ರಬ್ಬರ್ ಸ್ಟ್ಯಾಂಪ್’ ಎಂದು ಮೂದಲಿಸುವವರು ಏನೋ ಗುಟ್ಟನ್ನು ಬಯಲಿಗೆಳೆದೆವು ಎಂದು ಬೀಗಬೇಕಾಗಿಲ್ಲ. ಮೊಹರಿನ ಮಾತನ್ನು ಮೊದಲು ಆಡಿದವರು ಸಂವಿಧಾನದ ಶಿಲ್ಪಿಯೇ.

ಆದರೂ ಆ ಸಭೆಯ ಅಧ್ಯಕ್ಷರಾಗಿದ್ದು ಎಲ್ಲವನ್ನೂ ಕಿವಿಯಾರೆ ಕೇಳಿದ್ದ ಮೊದಲ ರಾಷ್ಟ್ರಪತಿ ರಾಜೇಂದ್ರ ಪ್ರಸಾದರಿಗೇ ಸಮಾಧಾನವಿರಲಿಲ್ಲ. 1951ರಲ್ಲಿ ಹಿಂದೂ ಸಂಹಿತೆ ಮಸೂದೆ ಸಂಸತ್ತಿನ ಮುಂದಿದ್ದಾಗ, ಇದು ನನ್ನ ಬಳಿಗೆ ಬಂದರೆ ನನ್ನ ವಿವೇಚನೆಯಂತೆ ನಡೆದುಕೊಳ್ಳುತ್ತೇನೆ ಎಂಬ ಅರ್ಥದ ಪತ್ರವನ್ನು ನೆಹರೂಗೆ ಬರೆದರು. ನೆಹರೂ ಕಾನೂನು ಪಂಡಿತರನ್ನು ಕೇಳಿದರು. ರಾಷ್ಟ್ರಪತಿಗೆ ಅಂಥ ಸ್ವಾತಂತ್ರ್ಯವಿಲ್ಲ ಎಂಬ ಉತ್ತರ ಬಂತು. 1960ರಲ್ಲಿ, ತಮ್ಮ ಎರಡನೇ ಅವಧಿಯಲ್ಲಿ, ಪ್ರಸಾದರು ಅದೇ ಪ್ರಶ್ನೆಯನ್ನು ಒಂದು ಸಾರ್ವಜನಿಕ ಭಾಷಣದಲ್ಲಿ ಮತ್ತೆ ಎತ್ತಿದರು. ಈ ಜಗ್ಗಾಟಕ್ಕೆ 1974ರಲ್ಲಿ ಸುಪ್ರೀಂ ಕೋರ್ಟ್, ಶಂಶೇರ್ ಸಿಂಗ್ ಪ್ರಕರಣದಲ್ಲಿ, ರಾಷ್ಟ್ರಪತಿ ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕೆಂದು ಹೇಳಿ ತೆರೆ ಎಳೆಯಿತು. ಅದೂ ಸಾಲದೆಂಬಂತೆ 1976ರ 42ನೇ ತಿದ್ದುಪಡಿ ‘ಸಲಹೆಯಂತೆಯೇ ನಡೆಯತಕ್ಕದ್ದು’ ಎಂದು ಸಂವಿಧಾನದಲ್ಲೇ ಬರೆಯಿತು. 1978ರ 44ನೇ ತಿದ್ದುಪಡಿ ಹಗ್ಗವನ್ನು ಒಂದು ಗೇಣು ಸಡಿಲಿಸಿತು. ಸಲಹೆಯನ್ನು ಒಂದು ಸಲ ಹಿಂದಕ್ಕೆ ಕಳುಹಿಸಿ, ಇನ್ನೊಮ್ಮೆ ಯೋಚಿಸಿ ಎನ್ನಬಹುದು. ಎರಡನೇ ಸಲ ಬಂದದ್ದಕ್ಕೆ ತಲೆಬಾಗಲೇಬೇಕು.

ಹೀಗೆ ‘ಆಗದು’ ಎನ್ನುವ ಶಕ್ತಿಯನ್ನು ಎಚ್ಚರದಿಂದ ಕಿತ್ತುಕೊಂಡ ಸಂವಿಧಾನ ಗಡಿಯಾರವನ್ನು ಮಾತ್ರ ರಾಷ್ಟ್ರಪತಿ ಭವನದಲ್ಲೇ ಬಿಟ್ಟುಬಂದಿತು. ಸಂಸತ್ತು ಪಾಸು ಮಾಡಿದ ಮಸೂದೆಗೆ ಇಷ್ಟು ದಿನದೊಳಗೆ ಅಂಕಿತ ಹಾಕಬೇಕೆಂದು 111ನೇ ವಿಧಿ ಹೇಳುವುದಿಲ್ಲ. ಹಿಂದಕ್ಕೆ ಕಳುಹಿಸುವುದಾದರೆ ‘ಆದಷ್ಟು ಬೇಗ’ ಕಳುಹಿಸಿ ಎನ್ನುತ್ತದೆ, ಅಷ್ಟೆ. ಅಮೆರಿಕದ ಅಧ್ಯಕ್ಷರು ನಿಜವಾಗಿ ಆಳುವವರು. ಅವರಿಗೂ ಭಾನುವಾರ ಬಿಟ್ಟು ಹತ್ತೇ ದಿನ. ಆಳದವರಿಗೆ ಇಲ್ಲಿ ಲೆಕ್ಕವಿಲ್ಲದಷ್ಟು ದಿನ. ತಡೆಯುವ ಅಧಿಕಾರವಿಲ್ಲದವರ ಕೈಯಲ್ಲಿ ತಡ ಮಾಡುವ ಅಧಿಕಾರ ಉಳಿಯಿತು. ಈ ಪದವಿಯ ಎಪ್ಪತ್ತೈದು ವರ್ಷಗಳ ಚರಿತ್ರೆಯಲ್ಲಿ ನೆನಪಿಡುವಂಥ ಗಳಿಗೆಗಳೆಲ್ಲ ಹೆಚ್ಚುಕಡಿಮೆ ಈ ತಡದ ಸುತ್ತಲೇ ಇವೆ: ಯಾರು ತಡ ಮಾಡಿದರು, ಯಾರು ಮಾಡಲಿಲ್ಲ.

ಮಾಡದವರಿಂದ ಶುರು ಮಾಡೋಣ. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿಯ ಘೋಷಣಾಪತ್ರ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದರ ಮುಂದೆ ಬಂದಾಗ ಸಚಿವ ಸಂಪುಟ ಅದನ್ನು ನೋಡಿಯೇ ಇರಲಿಲ್ಲ. ಅವರು ನಡುರಾತ್ರಿಯೊಳಗೆ ಸಹಿ ಹಾಕಿದರು. ಸಚಿವರನ್ನು ಸೇರಿಸಿ ಒಪ್ಪಿಗೆ ಪಡೆದದ್ದು ಮರುದಿನ ಬೆಳಗಿನ ಜಾವದಲ್ಲಿ. ಸಂಪುಟದ ತೀರ್ಮಾನ ಬರಲಿ, ಬೆಳಗ್ಗೆ ನೋಡೋಣ ಎಂದು ಅವರು ಹೇಳಿದ್ದರೆ ಚರಿತ್ರೆ ಬದಲಾಗುತ್ತಿತ್ತೇ? ಬಹುಶಃ ಇಲ್ಲ, ಆ ಸಂಪುಟ ಹೇಗೂ ಒಪ್ಪುತ್ತಿತ್ತು. ಆದರೆ ಆ ಏಳೆಂಟು ತಾಸು ಕಾಯದೆ ಹೋದ ಕಾರಣಕ್ಕೇ ಅವರ ಹೆಸರು ಇಂದಿಗೂ ನೆನಪಿನಲ್ಲಿದೆ. ಅದೇ ವರ್ಷದ ಡಿಸೆಂಬರಿನಲ್ಲಿ ಅಬು ಅಬ್ರಹಾಂ ಬರೆದ ವ್ಯಂಗ್ಯಚಿತ್ರದಲ್ಲಿ ರಾಷ್ಟ್ರಪತಿ ಸ್ನಾನದ ತೊಟ್ಟಿಯಲ್ಲಿ ಕುಳಿತೇ, ಬಾಗಿಲ ಸಂದಿಯಲ್ಲಿ ನಿಂತವನ ಕೈಗೆ ಸುಗ್ರೀವಾಜ್ಞೆಯ ಕಾಗದ ಕೊಡುತ್ತಿದ್ದಾರೆ. ಮೈ ಒರೆಸಿಕೊಳ್ಳುವಷ್ಟು ಹೊತ್ತನ್ನೂ ತೆಗೆದುಕೊಳ್ಳದ ರಾಷ್ಟ್ರಪತಿ. ತುರ್ತು ಪರಿಸ್ಥಿತಿ ಘೋಷಿಸಲು ಸಂಪುಟದ ನಿರ್ಧಾರ ಲಿಖಿತವಾಗಿ ಬರಲೇಬೇಕು ಎಂಬ ಷರತ್ತನ್ನು 44ನೇ ತಿದ್ದುಪಡಿ ಸೇರಿಸಿದ್ದು ಆ ರಾತ್ರಿಯ ಪಾಠದಿಂದ.

ಮೂವತ್ತು ವರ್ಷಗಳ ನಂತರ, 2005ರ ಮೇ ತಿಂಗಳಲ್ಲಿ, ಜನಮನ್ನಣೆಯಲ್ಲಿ ಅಹ್ಮದರಿಗೆ ಯಾವ ರೀತಿಯಲ್ಲೂ ಹೋಲಿಕೆಯಿಲ್ಲದ ಅಬ್ದುಲ್ ಕಲಾಂ ಇಂಥದೇ ಸುಳಿಗೆ ಸಿಕ್ಕರು. ಅವರು ಮಾಸ್ಕೋದಲ್ಲಿದ್ದರು. ಬಿಹಾರ ವಿಧಾನಸಭೆಯನ್ನು ವಿಸರ್ಜಿಸುವ ಶಿಫಾರಸು ದೆಹಲಿಯಿಂದ ರಾತ್ರೋರಾತ್ರಿ ಅಲ್ಲಿಗೆ ಹೋಯಿತು, ಸಹಿಯಾಗಿ ಹಿಂತಿರುಗಿತು. ಆ ವಿಸರ್ಜನೆ ಸಂವಿಧಾನಬಾಹಿರ ಎಂದು ಸುಪ್ರೀಂ ಕೋರ್ಟ್ ಆಮೇಲೆ ಹೇಳಿತು. ಒಳ್ಳೆಯ ಮನುಷ್ಯ ಕುರ್ಚಿಯಲ್ಲಿದ್ದರೆ ಸಾಕು ಎಂದು ನಂಬುವವರು ಈ ಎರಡು ರಾತ್ರಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು.

ತಡ ಮಾಡಿದವರಲ್ಲಿ ನಮ್ಮವರೊಬ್ಬರಿದ್ದಾರೆ. ಜಮಖಂಡಿ ತಾಲ್ಲೂಕಿನ ಸಾವಳಗಿಯ ಬಿ.ಡಿ. ಜತ್ತಿ, 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದವರು. 1977ರ ಫೆಬ್ರವರಿಯಲ್ಲಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ ಉಪರಾಷ್ಟ್ರಪತಿಯಾಗಿದ್ದ ಜತ್ತಿ ಹಂಗಾಮಿ ರಾಷ್ಟ್ರಪತಿಯಾದರು. ಮಾರ್ಚ್‌ನಲ್ಲಿ ಕಾಂಗ್ರೆಸ್ ಸೋತು ಜನತಾ ಸರ್ಕಾರ ಬಂತು. ಕಾಂಗ್ರೆಸ್ ಆಡಳಿತದ ಒಂಬತ್ತು ರಾಜ್ಯಗಳ ವಿಧಾನಸಭೆಗಳು ಜನರ ವಿಶ್ವಾಸ ಕಳೆದುಕೊಂಡಿವೆ, ಅವನ್ನು ವಿಸರ್ಜಿಸಿ ಎಂದು ಹೊಸ ಸಂಪುಟ ಹೇಳಿತು. ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋಗಿ ಸೋತು ಬಂದವು. ಆದರೂ ಜತ್ತಿ ಕೂಡಲೇ ಸಹಿ ಹಾಕಲಿಲ್ಲ. ದೆಹಲಿಯಲ್ಲಿ ಗುಲ್ಲೆದ್ದಿತು. ಒಂದು ದಿನ ಕಳೆದು, ಏಪ್ರಿಲ್ 30ರಂದು ಸಹಿ ಬಿತ್ತು. ಸಲಹೆಯನ್ನು ಹಿಂದಕ್ಕೆ ಕಳುಹಿಸುವ ಹಕ್ಕೂ ಆಗ ಇರಲಿಲ್ಲ ಎಂಬುದನ್ನು ಮರೆಯಬಾರದು. 42ನೇ ತಿದ್ದುಪಡಿ ಜಾರಿಯಲ್ಲಿತ್ತು, 44ನೆಯದು ಇನ್ನೂ ಬಂದಿರಲಿಲ್ಲ. ಕಾಗದವನ್ನು ಮೇಜಿನ ಮೇಲಿಟ್ಟುಕೊಂಡು ಸುಮ್ಮನಿರುವುದು ಬಿಟ್ಟರೆ ಬೇರೆ ದಾರಿ ಅವರಿಗಿರಲಿಲ್ಲ. ಹಳೆಯ ಪಕ್ಷದ ಋಣ ತೀರಿಸಿದರೆಂದು ಆಗ ಟೀಕಿಸಿದವರಿದ್ದರು. ಇರಬಹುದು. ಆದರೆ ಒಂಬತ್ತು ಚುನಾಯಿತ ಸಭೆಗಳನ್ನು ಒಂದೇ ಏಟಿಗೆ ಉರುಳಿಸುವ ಕಾಗದದ ಮುಂದೆ ಒಂದು ದಿನ ಕೈ ಹಿಂಜರಿದದ್ದು ನನಗೇನೂ ದೊಡ್ಡ ಅಪರಾಧವಾಗಿ ಕಾಣುವುದಿಲ್ಲ.

ಗ್ಯಾನಿ ಜೈಲ್ ಸಿಂಗರದು ದಿನಗಳ ಲೆಕ್ಕವಲ್ಲ. ಟಪಾಲನ್ನು ತಡೆದು ನೋಡಲು ಸರ್ಕಾರಕ್ಕೆ ವಿಶಾಲ ಅಧಿಕಾರ ಕೊಡುವ ಅಂಚೆ ಕಚೇರಿ ತಿದ್ದುಪಡಿ ಮಸೂದೆ 1986ರಲ್ಲಿ ಸಂಸತ್ತಿನಲ್ಲಿ ಪಾಸಾಗಿ ಅವರ ಬಳಿ ಬಂತು. ರಾಜೀವ್ ಗಾಂಧಿಯವರೊಂದಿಗೆ ಅವರ ಸಂಬಂಧ ಅಷ್ಟರಲ್ಲಿ ಪೂರ್ತಿ ಕೆಟ್ಟಿತ್ತು. ಅವರು ಅಂಕಿತ ಹಾಕಲಿಲ್ಲ, ನಿರಾಕರಿಸಲಿಲ್ಲ, ಹಿಂದಕ್ಕೂ ಕಳುಹಿಸಲಿಲ್ಲ. ಹಿಂದಕ್ಕೆ ಕಳುಹಿಸಿದ್ದರೆ ಭಾರೀ ಬಹುಮತವಿದ್ದ ಸರ್ಕಾರ ಮತ್ತೆ ಪಾಸು ಮಾಡಿಸಿ ತರುತ್ತಿತ್ತು, ಆಗ ಸಹಿ ಹಾಕಲೇಬೇಕಾಗುತ್ತಿತ್ತು. ಸುಮ್ಮನಿರುವವರನ್ನು ಏನು ಮಾಡುವುದು? 1987ರ ಜುಲೈನಲ್ಲಿ ಅವರು ನಿವೃತ್ತರಾದರು, ಮಸೂದೆ ಕಾಯ್ದೆಯಾಗದೆ ಉಳಿಯಿತು. ನಮ್ಮ ಕಾಗದ ಪತ್ರಗಳನ್ನು ಕಾಪಾಡಿದ್ದು ಸಂವಿಧಾನದ ಯಾವ ಘನ ತತ್ವವೂ ಅಲ್ಲ, ಅದರಲ್ಲಿ ಬರೆಯದೇ ಬಿಟ್ಟ ಒಂದು ದಿನಾಂಕ.

ಕೆ.ಆರ್. ನಾರಾಯಣನ್ ಈ ಸುಮ್ಮನಿರುವ ವಿದ್ಯೆಯನ್ನು ಬಳಸದೆ, 44ನೇ ತಿದ್ದುಪಡಿ ಕೊಟ್ಟ ಒಂದು ಗೇಣು ಹಗ್ಗವನ್ನೇ ಬಳಸಿದರು. 1997ರ ಅಕ್ಟೋಬರಿನಲ್ಲಿ ಗುಜ್ರಾಲ್ ಸಂಪುಟ ಉತ್ತರ ಪ್ರದೇಶದಲ್ಲಿ ರಾಷ್ಟ್ರಪತಿ ಆಳ್ವಿಕೆಗೆ ಶಿಫಾರಸು ಮಾಡಿದಾಗ, ಅಲ್ಲಿನ ಮುಖ್ಯಮಂತ್ರಿ ಆಗತಾನೆ ವಿಶ್ವಾಸಮತ ಗೆದ್ದಿದ್ದರು. ನಾರಾಯಣನ್ ಕಾಗದವನ್ನು ಹಿಂದಕ್ಕೆ ಕಳುಹಿಸಿದರು; ಸಂಪುಟ ತೆಪ್ಪಗೆ ಕೈಬಿಟ್ಟಿತು. ಮರುವರ್ಷ ಬಿಹಾರದ ವಿಷಯದಲ್ಲಿ ವಾಜಪೇಯಿ ಸಂಪುಟಕ್ಕೂ ಅದೇ ಅನುಭವ. 1999ರ ಫೆಬ್ರವರಿಯಲ್ಲಿ ಆ ಸರ್ಕಾರ ಮತ್ತೆ ಶಿಫಾರಸು ತಂದಾಗ ಅವರು ಸಹಿ ಹಾಕಿದರು. ರಾಜ್ಯಸಭೆಯಲ್ಲಿ ಅದಕ್ಕೆ ಬೆಂಬಲ ಸಿಗದೆಂದು ಖಾತ್ರಿಯಾಗಿ, ಮಾರ್ಚ್‌ನಲ್ಲಿ ಸರ್ಕಾರವೇ ಅದನ್ನು ವಾಪಸು ಪಡೆಯಬೇಕಾಯಿತು. ಕಲಾಂ ಕೂಡ 2006ರಲ್ಲಿ, ಸಂಸದರು ಯಾವ ಸರ್ಕಾರಿ ಹುದ್ದೆಗಳನ್ನು ಹೊಂದಿದರೂ ಸದಸ್ಯತ್ವ ಹೋಗದು ಎಂದು ಹೇಳುವ ಲಾಭದಾಯಕ ಹುದ್ದೆಗಳ ಮಸೂದೆಯನ್ನು ಹಿಂದಕ್ಕೆ ಕಳುಹಿಸಿದ್ದರು. ಸಂಸತ್ತು ಅದನ್ನು ಹಾಗೆಯೇ ಮತ್ತೆ ಪಾಸು ಮಾಡಿತು, ಅವರು ಅಂಕಿತ ಹಾಕಿದರು. ಸೋತಂತೆ ಕಂಡರೂ ಆ ಎರಡೂವರೆ ತಿಂಗಳು ದೇಶವಿಡೀ ಆ ಮಸೂದೆಯ ಮೇಲೆ ಚರ್ಚೆ ನಡೆಯಿತು.

ಬೇರೆ ದೇಶಗಳ ಅಲಂಕಾರದ ದೊರೆಗಳಿಗೆ ಈ ಅನುಕೂಲವಿಲ್ಲ, ಹಾಗಾಗಿ ಅಲ್ಲಿ ಬಿಕ್ಕಟ್ಟು ಬೇಗ ಬಯಲಿಗೆ ಬರುತ್ತದೆ. ಬೆಲ್ಜಿಯಂನ ದೊರೆ ಬೋದುವೆನ್ 1990ರಲ್ಲಿ ಗರ್ಭಪಾತದ ಕಾನೂನಿಗೆ ಸಹಿ ಹಾಕಲು ನನ್ನ ಮನಸ್ಸಾಕ್ಷಿ ಒಪ್ಪದು ಎಂದರು. ಸಚಿವರು ಅವರನ್ನು ‘ಆಳಲು ಅಸಮರ್ಥ’ ಎಂದು ಸಾರಿ, ತಾವೇ ಸಹಿ ಹಾಕಿ, ಒಂದೂವರೆ ದಿನದಲ್ಲಿ ಸಿಂಹಾಸನವನ್ನು ಹಿಂತಿರುಗಿಸಿದರು. 2008ರಲ್ಲಿ ಲಕ್ಸೆಂಬರ್ಗಿನ ಗ್ರ್ಯಾಂಡ್ ಡ್ಯೂಕ್ ಆನ್ರಿ ದಯಾಮರಣದ ಕಾನೂನಿಗೆ ಒಲ್ಲೆನೆಂದಾಗ, ಅಲ್ಲಿನ ಸಂಸತ್ತು ಸಂವಿಧಾನವನ್ನೇ ತಿದ್ದಿ, ಕಾನೂನುಗಳಿಗೆ ಡ್ಯೂಕ್ ಅವರ ಸಮ್ಮತಿಯೇ ಬೇಡವೆಂದಿತು. ಸ್ವೀಡನ್ನಿನಲ್ಲಿ 1975ರಿಂದ ದೊರೆ ಕಾನೂನಿಗೆ ಸಹಿ ಹಾಕುವುದೇ ಇಲ್ಲ. ಆಕಾಶವೇನೂ ಕಳಚಿ ಬಿದ್ದಿಲ್ಲ.

ಲೋಕಸಭೆ ಅತಂತ್ರವಾದಾಗ ಮಾತ್ರ ನಮ್ಮ ರಾಷ್ಟ್ರಪತಿಗೆ ನಿಜವಾದ ಸ್ವಂತ ನಿರ್ಧಾರದ ಗಳಿಗೆ ಬರುತ್ತದೆ. ಯಾರ ಸಲಹೆ ಕೇಳಬೇಕೆಂಬುದೇ ಆಗ ಪ್ರಶ್ನೆ. 1979ರಲ್ಲಿ ನೀಲಂ ಸಂಜೀವ ರೆಡ್ಡಿ ಚರಣ್ ಸಿಂಗರನ್ನು ಕರೆದರು, ಅವರು ಸಂಸತ್ತನ್ನು ಎದುರಿಸದೆಯೇ ರಾಜೀನಾಮೆ ಕೊಟ್ಟರು, ಜಗಜೀವನ್ ರಾಂ ಅವರಿಗೆ ಅವಕಾಶ ಕೊಡದೆ ರೆಡ್ಡಿ ಲೋಕಸಭೆಯನ್ನು ವಿಸರ್ಜಿಸಿದರು. ಆ ಕಹಿ ಬಹಳ ಕಾಲ ಆರಲಿಲ್ಲ. 1996ರಲ್ಲಿ ಶಂಕರ ದಯಾಳ್ ಶರ್ಮಾ ಅತಿ ದೊಡ್ಡ ಪಕ್ಷವೆಂದು ವಾಜಪೇಯಿಯವರನ್ನು ಕರೆದರು; ಸರ್ಕಾರ ಹದಿಮೂರು ದಿನ ಬಾಳಿತು. 1998ರಲ್ಲಿ ನಾರಾಯಣನ್ ಮೊದಲು ಬೆಂಬಲ ಪತ್ರಗಳನ್ನು ತನ್ನಿ ಎಂದರು. ಸ್ಪಷ್ಟ ಬಹುಮತ ಬಂದ ದಿನ ಈ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ.

ತಡಕ್ಕೆ ಇನ್ನೊಂದು ಮುಖವಿದೆ, ಅದು ಕರಾಳ. 1993ರ ಪಾಲಾರ್ ನೆಲಬಾಂಬ್ ಸ್ಫೋಟದ ಪ್ರಕರಣದಲ್ಲಿ ವೀರಪ್ಪನ್‌ನ ನಾಲ್ವರು ಸಹಚರರಿಗೆ 2004ರಲ್ಲಿ ಸುಪ್ರೀಂ ಕೋರ್ಟ್ ಗಲ್ಲುಶಿಕ್ಷೆ ವಿಧಿಸಿತು. ಅವರ ಕ್ಷಮಾದಾನದ ಅರ್ಜಿ ದೆಹಲಿಗೆ ಹೋಯಿತು. ಬೆಳಗಾವಿಯ ಹಿಂಡಲಗಾ ಜೈಲಿಗೆ ‘ತಿರಸ್ಕೃತ’ ಎಂಬ ಉತ್ತರ ಬಂದದ್ದು 2013ರ ಫೆಬ್ರವರಿಯಲ್ಲಿ. ಒಂಬತ್ತು ವರ್ಷ. ಇವತ್ತೋ ನಾಳೆಯೋ ಎಂದು ಹಗ್ಗಕ್ಕಾಗಿ ಕಾಯುತ್ತ ಕಳೆದ ಆ ವರ್ಷಗಳೇ ಒಂದು ಚಿತ್ರಹಿಂಸೆ ಎಂದು 2014ರ ಜನವರಿಯಲ್ಲಿ ಕೋರ್ಟ್ ಒಪ್ಪಿ, ಈ ನಾಲ್ವರೂ ಸೇರಿದಂತೆ ಹದಿನೈದು ಮಂದಿಯ ಗಲ್ಲುಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. ಈ ಒಂಬತ್ತು ವರ್ಷ ಯಾರ ತಡ? ಹೆಸರಿಗೆ ಅರ್ಜಿ ಹೋಗುವುದು ರಾಷ್ಟ್ರಪತಿಯವರಿಗೆ. ಆದರೆ ಅದರ ಮೇಲೆ ಸಲಹೆ ಬರೆಯುವುದು ಗೃಹ ಸಚಿವಾಲಯ. ಕಡತ ಅಲ್ಲಿಗೂ ಇಲ್ಲಿಗೂ ಓಡಾಡುತ್ತಲೇ ಇರುತ್ತದೆ. ಜೈಲಿನ ಕೋಣೆಯಲ್ಲಿ ಕುಳಿತವನಿಗೆ ಕಾಣುವುದು ಒಂದೇ ಹೆಸರು.

2025ರ ಜಗಳದ ಗಂಟು ಇಲ್ಲಿಯೇ ಇದೆ ಎಂದು ನನಗೆ ಅನ್ನಿಸುತ್ತದೆ. ರಾಜ್ಯದ ಮಸೂದೆಯೊಂದನ್ನು ರಾಜ್ಯಪಾಲರು ರಾಷ್ಟ್ರಪತಿಗಾಗಿ ಕಾಯ್ದಿರಿಸಿದರೆ ಅದು 201ನೇ ವಿಧಿಯ ಲೋಕಕ್ಕೆ ಹೋಗುತ್ತದೆ. ಆ ವಿಧಿಯ ನ್ಯಾಯ ವಿಚಿತ್ರ. ರಾಷ್ಟ್ರಪತಿ ಮಸೂದೆಯನ್ನು ಹಿಂದಕ್ಕೆ ಕಳುಹಿಸಿದರೆ ರಾಜ್ಯದ ಶಾಸನಸಭೆ ಆರು ತಿಂಗಳೊಳಗೆ ಅದನ್ನು ಮರುಪರಿಶೀಲಿಸಬೇಕು. ರಾಷ್ಟ್ರಪತಿಗೆ ಮಾತ್ರ ಗಡುವಿಲ್ಲ. ಶಾಸನಸಭೆ ಎರಡನೇ ಸಲ ಪಾಸು ಮಾಡಿ ಕಳುಹಿಸಿದರೂ ಅಂಕಿತ ಹಾಕಲೇಬೇಕೆಂಬ ಕಟ್ಟೂ ಇಲ್ಲ. ತಮಿಳುನಾಡಿನ ಪ್ರಕರಣದಲ್ಲಿ ಏಪ್ರಿಲ್ 8ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠ ಇದಕ್ಕೆ ಕೈಹಾಕಿತು. ಕಾಯ್ದಿರಿಸಿದ ಮಸೂದೆಗಳ ಬಗ್ಗೆ ರಾಷ್ಟ್ರಪತಿ ಮೂರು ತಿಂಗಳೊಳಗೆ ತೀರ್ಮಾನಿಸಬೇಕು ಎಂದಿತು. ರಾಜ್ಯಪಾಲರು ಹಿಡಿದಿಟ್ಟಿದ್ದ ಹತ್ತು ಮಸೂದೆಗಳಿಗೆ ಒಪ್ಪಿಗೆ ಸಿಕ್ಕಿದೆಯೆಂದೇ ಭಾವಿಸಬೇಕು ಎಂದಿತು. ಮೇ 13ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು, ಕೋರ್ಟಿನ ಅಭಿಪ್ರಾಯ ಕೇಳಲು ಅವಕಾಶವಿರುವ 143ನೇ ವಿಧಿಯಡಿ, ಹದಿನಾಲ್ಕು ಪ್ರಶ್ನೆಗಳನ್ನು ಸುಪ್ರೀಂ ಕೋರ್ಟಿಗೆ ಕಳುಹಿಸಿದರು. ನವೆಂಬರ್ 20ರಂದು ಮುಖ್ಯ ನ್ಯಾಯಮೂರ್ತಿ ಬಿ.ಆರ್. ಗವಾಯಿ ನೇತೃತ್ವದ ಸಂವಿಧಾನ ಪೀಠ ಉತ್ತರ ಕೊಟ್ಟಿತು: ಸಂವಿಧಾನದಲ್ಲಿಲ್ಲದ ಗಡುವನ್ನು ಕೋರ್ಟ್ ಹಾಕುವಂತಿಲ್ಲ, ‘ಭಾವಿತ ಒಪ್ಪಿಗೆ’ ಎಂಬುದು ಇಲ್ಲ. ರಾಜ್ಯಪಾಲರು ಕಾರಣ ಹೇಳದೆ ಕೊನೆಮೊದಲಿಲ್ಲದೆ ಸುಮ್ಮನೆ ಕುಳಿತರೆ, ಏನಾದರೊಂದು ತೀರ್ಮಾನ ಮಾಡಿ ಎಂಬಷ್ಟು ಸೀಮಿತ ನಿರ್ದೇಶನ ಕೊಡಬಹುದು, ಅಷ್ಟೆ.

ಅಕ್ಷರಗಳನ್ನು ಓದಿದರೆ ಪೀಠ ಹೇಳಿದ್ದು ಸರಿ; ಇಲ್ಲದ ಗಡುವು ಇಲ್ಲವೇ ಇಲ್ಲ. ಆದರೆ ಆ ತಿಂಗಳುಗಳಲ್ಲಿ ನಡೆದ ವಾದಗಳಲ್ಲಿ ಒಂದು ಮಾತು ನನಗೆ ಕಸಿವಿಸಿ ಮಾಡಿತು. ದೇಶದ ಅತ್ಯುನ್ನತ ಪದವಿಗೆ ಕೋರ್ಟ್ ಗಡುವು ವಿಧಿಸುವುದೇ ಎಂಬ ಗೌರವದ ಮಾತು. ಕಾಯ್ದಿರಿಸಿದ ಮಸೂದೆ ದೆಹಲಿಯಲ್ಲಿ ಮೊದಲು ಹೋಗುವುದು ಗೃಹ ಸಚಿವಾಲಯಕ್ಕೆ. ಅಲ್ಲಿಂದ ಸಂಬಂಧಪಟ್ಟ ಸಚಿವಾಲಯಗಳಿಗೆ, ಮತ್ತೆ ಅಲ್ಲಿಂದ ಹಿಂದಕ್ಕೆ. ರಾಷ್ಟ್ರಪತಿ ಸಹಿ ಹಾಕುವುದು ಸಂಪುಟದ ಸಲಹೆ ಬಂದ ಮೇಲೆ. ಮೂರು ತಿಂಗಳ ಗಡುವು ನಿಜದಲ್ಲಿ ಬೀಳುತ್ತಿದ್ದುದು ಯಾರ ತಲೆಯ ಮೇಲೆ? ಕೋರ್ಟಿಗೆ ಹದಿನಾಲ್ಕು ಪ್ರಶ್ನೆ ಕೇಳುವ ನಿರ್ಧಾರವೂ 74ನೇ ವಿಧಿಯ ಲೆಕ್ಕದಲ್ಲಿ ಸಂಪುಟದ್ದೇ. ಪದವಿಗೆ ಸಲ್ಲುವ ಗೌರವವನ್ನು ಸಚಿವಾಲಯದ ಕಪಾಟಿಗೆ ಹೊದಿಸಿದಂತಾಯಿತು.

ಜೈಲ್ ಸಿಂಗರ ಮೌನ ಅವರದೇ. ಸಂಪುಟಕ್ಕೆ ಬೇಕಿದ್ದ ಮಸೂದೆಯನ್ನು ಅವರು ಹಿಡಿದಿಟ್ಟರು, ದೇಶಕ್ಕೆಲ್ಲ ಅದು ಗೊತ್ತಿತ್ತು, ಹೊಗಳಿಕೆಯನ್ನೂ ತೆಗಳಿಕೆಯನ್ನೂ ಅವರೇ ಉಂಡರು. ವಿರೋಧ ಪಕ್ಷದ ಸರ್ಕಾರವಿರುವ ರಾಜ್ಯದ ಮಸೂದೆ ವರ್ಷಗಟ್ಟಲೆ ದೆಹಲಿಯಲ್ಲಿ ಕೊಳೆತರೆ ಆ ಮೌನ ಯಾರದು? ಹೊರಗಿನಿಂದ ಎರಡೂ ಒಂದೇ ತರಹ ಕಾಣುತ್ತವೆ. ಒಂದು ರಾಷ್ಟ್ರಪತಿ ಸರ್ಕಾರಕ್ಕೆ ಒಡ್ಡಿದ ಅಡ್ಡಿ. ಇನ್ನೊಂದು ರಾಷ್ಟ್ರಪತಿಯವರ ಹೆಸರಿನ ಮರೆಯಲ್ಲಿ ಸರ್ಕಾರವೇ ಒಡ್ಡಿದ ಅಡ್ಡಿ. ಕೇಳಿ ತಿಳಿಯೋಣವೆಂದರೆ, ಮಂತ್ರಿಗಳು ರಾಷ್ಟ್ರಪತಿಗೆ ಏನು ಸಲಹೆ ಕೊಟ್ಟರೆಂದು ಯಾವ ಕೋರ್ಟೂ ವಿಚಾರಿಸುವಂತಿಲ್ಲ ಎನ್ನುತ್ತದೆ 74ನೇ ವಿಧಿಯ ಎರಡನೇ ಖಂಡ.

ಸಲಹೆ ಗುಟ್ಟಾಗಿಯೇ ಇರಲಿ, ಅದಕ್ಕೆ ಒಳ್ಳೆಯ ಕಾರಣಗಳಿವೆ. ದಿನಾಂಕಗಳು ಯಾಕೆ ಗುಟ್ಟಾಗಿರಬೇಕು? ಮಸೂದೆ ರಾಜಭವನದಿಂದ ಹೊರಟದ್ದು ಯಾವಾಗ, ಗೃಹ ಸಚಿವಾಲಯ ತಲುಪಿದ್ದು ಯಾವಾಗ, ಸಲಹೆಯೊಂದಿಗೆ ರಾಷ್ಟ್ರಪತಿ ಭವನಕ್ಕೆ ಹೋದದ್ದು ಯಾವಾಗ. ಈ ಮೂರು ದಿನಾಂಕಗಳನ್ನು ಪ್ರಕಟಿಸಲು ಸಂವಿಧಾನ ತಿದ್ದುಪಡಿ ಬೇಕಾಗಿಲ್ಲ, ಕೋರ್ಟಿನ ಗಡುವೂ ಬೇಕಾಗಿಲ್ಲ. ತಡ ಯಾವ ಮೇಜಿನ ಮೇಲಾಯಿತು ಎಂಬುದಷ್ಟು ತಿಳಿದರೆ ಸಾಕು.

2025ರ ಏಪ್ರಿಲ್‌ನಲ್ಲಿ ನಮ್ಮ ರಾಜ್ಯಪಾಲರೂ ಒಂದು ಮಸೂದೆಯನ್ನು ಕಾಯ್ದಿರಿಸಿದರು. ಸರ್ಕಾರಿ ಗುತ್ತಿಗೆಗಳಲ್ಲಿ ಮುಸ್ಲಿಂ ಗುತ್ತಿಗೆದಾರರಿಗೆ ಶೇ 4ರಷ್ಟು ಮೀಸಲಾತಿ ಕೊಡುವ ತಿದ್ದುಪಡಿ ಮಸೂದೆ ಅದು. ಮಸೂದೆ ಸರಿಯೋ ತಪ್ಪೋ ಎಂಬ ವಾದ ಬೇರೆ, ಬೇಕಾದಷ್ಟು ನಡೆದಿದೆ. ಇಂಥ ಮಸೂದೆ ಎಲ್ಲಿಗೆ ಬಂತು ಎಂದು ಕೇಳಿದವರಿಗೆ ಸಿಗುವ ಉತ್ತರದ ಧಾಟಿ ಹಳೆಯದು: ‘ರಾಷ್ಟ್ರಪತಿಯವರ ಪರಿಶೀಲನೆಯಲ್ಲಿದೆ’. ಅಧೀನ ಕಾರ್ಯದರ್ಶಿಯ ಸಹಿಯ ಮೇಲಿನ ಆ ಸಾಲನ್ನು ಓದುವಂತೆಯೇ ಇದನ್ನೂ ಓದಿಕೊಳ್ಳಬೇಕು.